ನಾಯಕತ್ವ: ಪದವಿ ತರಗತಿಯ ಅಧ್ಯಯನ ವಿಷಯವಾಗಿ

ನಾಯಕತ್ವವೆಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ತರಬೇತಿ ಶಿಬಿರಗಳು ಮತ್ತು ವ್ಯಕ್ತಿತ್ವ ವಿಕಸನದ ಉಪನ್ಯಾಸಗಳು. ನಾಯಕರನ್ನು ತಯಾರಿಸುವುದೇ ಇವುಗಳ ಗುರಿ. ಇದಕ್ಕಿಂತ ಭಿನ್ನವಾಗಿ, ಮುನ್ನಡೆಸುವವರಿಗೂ ಅನುಸರಿಸುವವರಿಗೂ ನಡುವಿನ ಸಂಬಂಧವನ್ನು ಇತಿಹಾಸ, ತತ್ತ್ವಶಾಸ್ತ್ರ, ಮನೋವಿಜ್ಞಾನ, ಸಾಹಿತ್ಯಗಳ ನೆರವಿನಿಂದ ಅರಿಯುವ ಇನ್ನೊಂದು ಮಾರ್ಗವಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ವಿಶ್ವವಿದ್ಯಾಲಯವು ಈ ಎರಡನೆಯ ಮಾರ್ಗವನ್ನು ಆರಿಸಿಕೊಂಡಿತು. ಹಳೆಯ ವಿದ್ಯಾರ್ಥಿ ರಾಬರ್ಟ್ ಜೆಪ್ಸನ್ ದಂಪತಿಗಳು 1987ರಲ್ಲಿ ನೀಡಿದ ಎರಡು ಕೋಟಿ ಡಾಲರುಗಳ ಕೊಡುಗೆಯಿಂದ ರೂಪುಗೊಂಡು 1992ರಲ್ಲಿ ಆರಂಭವಾದ ಜೆಪ್ಸನ್ ನಾಯಕತ್ವ ಅಧ್ಯಯನ ಶಾಲೆಯು, ಮಾನವಿಕ ಮತ್ತು ಸಮಾಜವಿಜ್ಞಾನಗಳನ್ನು ಒಳಗೊಂಡ ಲಿಬರಲ್ ಆರ್ಟ್ಸ್ ಶಿಕ್ಷಣದ ಚೌಕಟ್ಟಿನಲ್ಲಿಯೇ ಈ ವಿಷಯದಲ್ಲಿ ಸ್ನಾತಕ ಪದವಿಯನ್ನು ನೀಡುತ್ತದೆ.

ಇದು ಪದವಿಗೆ ತಕ್ಕ ವಿಷಯವೇ ಎಂಬ ಶಂಕೆ ಸಹಜವಾದುದು. ಸ್ವಂತ ವಿಧಾನವಿಲ್ಲದೆ ಬೇರೆ ಬೇರೆ ಶಾಸ್ತ್ರಗಳಿಂದ ಎರವಲು ತಂದ ಜ್ಞಾನಕ್ಕೆ ಪ್ರತ್ಯೇಕ ವಿಭಾಗವೇಕೆ? ಈ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ನಾಯಕತ್ವದ ಕುರಿತ ಪ್ರಚಲಿತ ನಂಬಿಕೆಗಳು ಪರೀಕ್ಷೆಗೆ ಒಳಗಾದುದು ಶಾಸ್ತ್ರಗಳು ಸಂಧಿಸುವ ಎಡೆಗಳಲ್ಲಿಯೇ ಎಂಬುದನ್ನು ಗಮನಿಸಬೇಕು.

ಲೋಕದ ಇತಿಹಾಸವು ಮಹಾಪುರುಷರ ಚರಿತ್ರೆಯೇ ಎಂಬ ನಿಲುವನ್ನು ಥಾಮಸ್ ಕಾರ್ಲೈಲ್ 1840ರ ತನ್ನ ಉಪನ್ಯಾಸಗಳಲ್ಲಿ ಮಂಡಿಸಿದನು. ಕನ್ನಡದ ‘ನಾಯಕ’ ಶಬ್ದವೂ ಕಾವ್ಯದ ನಾಯಕನನ್ನೂ ಜನಸಮೂಹದ ಮುಂದಾಳನ್ನೂ ಒಟ್ಟಿಗೇ ಸೂಚಿಸುವುದರಿಂದ ಈ ಭಾವನೆ ನಮಗೂ ಅಪರಿಚಿತವಲ್ಲ. 1948ರಲ್ಲಿ ರಾಲ್ಫ್ ಸ್ಟಾಗ್ಡಿಲ್ 124 ಅಧ್ಯಯನಗಳನ್ನು ಪರಿಶೀಲಿಸಿ, ಕೆಲವು ಗುಣಗಳ ಒಡೆತನ ಮಾತ್ರದಿಂದಲೇ ಯಾರೂ ನಾಯಕರಾಗುವುದಿಲ್ಲ, ಸಂದರ್ಭವೂ ಅಷ್ಟೇ ನಿರ್ಣಾಯಕವೆಂಬ ತೀರ್ಮಾನಕ್ಕೆ ಬಂದನು.

ಅದಕ್ಕೂ ಮೊದಲೇ, ನಾಜಿ ಜರ್ಮನಿಯನ್ನು ತೊರೆದು ಬಂದಿದ್ದ ಕರ್ಟ್ ಲೆವಿನ್ ತನ್ನ ಸಹೋದ್ಯೋಗಿಗಳೊಡನೆ ಅಯೋವಾದಲ್ಲಿ ಬಾಲಕರ ಗುಂಪುಗಳನ್ನು ಅಭ್ಯಸಿಸಿದ್ದನು. ಅದರ ಫಲಿತಗಳು 1939ರಲ್ಲಿ ಪ್ರಕಟವಾದವು. ನಿರಂಕುಶ ಮುಂದಾಳಿನ ಕೈಕೆಳಗಿದ್ದ ಹುಡುಗರು ಆತ ಕೋಣೆಯಿಂದ ಹೊರಗೆ ಹೋದೊಡನೆ ಕೆಲಸವನ್ನು ಬಹುಮಟ್ಟಿಗೆ ಕೈಬಿಡುತ್ತಿದ್ದರು. ಪ್ರಜಾಸತ್ತಾತ್ಮಕ ಗುಂಪಿನವರು ಮುಂದುವರಿಸುತ್ತಿದ್ದರು. 1963ರಲ್ಲಿ ಪ್ರಕಟವಾದ ಸ್ಟಾನ್ಲಿ ಮಿಲ್ಗ್ರಾಮ್‌ನ ಪ್ರಯೋಗದಲ್ಲಿ ಅಧಿಕಾರಯುತ ಆದೇಶಕ್ಕೆ ಮಣಿದು 40 ಜನರಲ್ಲಿ 26 ಮಂದಿ, ಕಾಣದ ವ್ಯಕ್ತಿಗೆ 450 ವೋಲ್ಟುಗಳ ವಿದ್ಯುದಾಘಾತ ಕೊಡುತ್ತಿದ್ದೇವೆಂದು ಭಾವಿಸುತ್ತ ಕೊನೆಯವರೆಗೂ ಗುಂಡಿ ಒತ್ತಿದರು. (ಆಘಾತ ನಿಜವಾಗಿರಲಿಲ್ಲ, ಪ್ರಯೋಗದ ವಿಧಾನವನ್ನು ಅನಂತರದ ವಿದ್ವಾಂಸರು ತೀವ್ರವಾಗಿ ಪ್ರಶ್ನಿಸಿದ್ದಾರೆ.) ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಬಾಳಿನ ಬಹುಕಾಲ ಅನುಸರಿಸುವವರೇ ಆಗಿರುವುದರಿಂದ ಇಂಥ ಪಾಠಗಳ ಮಹತ್ತ್ವ ತರಬೇತಿ ಶಿಬಿರಗಳ ಅಳತೆಗೆ ಸಿಗುವಂಥದಲ್ಲ.

ಈ ಕ್ಷೇತ್ರದ ಅತ್ಯಂತ ಕಠಿಣ ಪ್ರಶ್ನೆ ನೀತಿಗೆ ಸಂಬಂಧಿಸಿದುದು. ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರ ತನ್ನ ಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ನಾಯಕತ್ವ, ಪರಿವರ್ತನೆಯ ನಾಯಕತ್ವ ಎಂಬ ಎರಡು ಬಗೆಗಳನ್ನು ಗುರುತಿಸಿದನು. ಮತಕ್ಕೆ ಪ್ರತಿಯಾಗಿ ಸವಲತ್ತು, ದುಡಿಮೆಗೆ ಪ್ರತಿಯಾಗಿ ಕೂಲಿ ಎಂಬ ವಿನಿಮಯ ಮೊದಲನೆಯದು; ನಾಯಕರೂ ಅನುಯಾಯಿಗಳೂ ಪರಸ್ಪರರನ್ನು ಉನ್ನತ ನೈತಿಕ ಮಟ್ಟಕ್ಕೆ ಏರಿಸುವುದು ಎರಡನೆಯದು. ಈ ವಿವೇಚನೆಯಂತೆ ಹಿಟ್ಲರ್ ನಾಯಕನೇ ಅಲ್ಲ, ಕೇವಲ ಅಧಿಕಾರ ಚಲಾಯಿಸಿದ ಕ್ರೂರಿ. ಈ ಉತ್ತರ ಸಮಾಧಾನ ಕೊಡುತ್ತದೆ, ಸಮಸ್ಯೆಯನ್ನು ಬಿಡಿಸುವುದಿಲ್ಲ. ಲಕ್ಷಾಂತರ ಜನ ಅವನನ್ನು ಒಲಿದು ಹಿಂಬಾಲಿಸಿದರೆಂಬುದು ಹೆಸರು ಬದಲಿಸಿದ ಮಾತ್ರಕ್ಕೆ ಅಳಿಯದು. ಜೆಪ್ಸನ್ ಶಾಲೆಯ ಸ್ಥಾಪಕ ಅಧ್ಯಾಪಕರಲ್ಲಿ ಒಬ್ಬರಾದ ತತ್ತ್ವಶಾಸ್ತ್ರಜ್ಞೆ ಜೋಆನ್ ಸಿಯುಲಾ ಇದನ್ನೇ ‘ಹಿಟ್ಲರ್ ಸಮಸ್ಯೆ’ ಎಂದು ಹೆಸರಿಸಿ, ನಾಯಕತ್ವ ಎಂದರೇನು ಎಂಬುದಕ್ಕಿಂತ ಒಳ್ಳೆಯ ನಾಯಕತ್ವ ಎಂದರೇನು ಎಂದೇ ಕೇಳಬೇಕೆಂದರು. ‘ಒಳ್ಳೆಯ’ ಎಂಬಲ್ಲಿ ದಕ್ಷತೆಯೂ ಇದೆ, ಧರ್ಮವೂ ಇದೆ. ಒಂದಿದ್ದು ಇನ್ನೊಂದಿಲ್ಲದವರೇ ಚರಿತ್ರೆಯ ತುಂಬ ಇದ್ದಾರೆ.

ಅಧಿಕಾರಕ್ಕೂ ನೀತಿಗೂ ಇರುವ ಈ ಬಿಕ್ಕಟ್ಟನ್ನು ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್‌ನಲ್ಲಿ ನೀಡಿದ ರಾಜಕಾರಣ ಕುರಿತ ಉಪನ್ಯಾಸದಲ್ಲಿ ಚರ್ಚಿಸಿದನು. ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ ಮಾಕಿಯವೆಲ್ಲಿಯ ‘ಪ್ರಿನ್ಸ್’ ನಿರಪಾಯಕಾರಿ ಎಂಬುದು ಅಲ್ಲಿ ಅವನ ಅಭಿಪ್ರಾಯ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಯೋಲೆಗಳಿಂದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿ (1909) ಆಗ ಇನ್ನೂ ಹತ್ತು ವರ್ಷ. ವೇಬರನ ಮಾತು ಅರ್ಧ ಸತ್ಯ ಮಾತ್ರ. ಅರ್ಥಶಾಸ್ತ್ರದ ಮೊದಲ ಅಧಿಕರಣವೇ ವಿನಯಾಧಿಕಾರಿಕ, ಅಂದರೆ ಶಿಕ್ಷಣ ಮತ್ತು ಇಂದ್ರಿಯಜಯಗಳ ವಿಚಾರ. ದಂಡನೀತಿಯೊಂದೇ ಸಾಕೆನ್ನುವ ಪಂಥವನ್ನು ಉಲ್ಲೇಖಿಸಿ, ಅದನ್ನು ಒಪ್ಪದೆ, ವಿದ್ಯೆಗಳು ನಾಲ್ಕೆಂದೇ ಹೇಳುವ ಕೌಟಿಲ್ಯನು ಆನ್ವೀಕ್ಷಿಕಿಯನ್ನು, ಎಂದರೆ ತರ್ಕಬದ್ಧ ವಿಚಾರಣೆಯನ್ನು, ಮೊದಲು ಇರಿಸುತ್ತಾನೆ. ಆದರೆ ಆ ಪಾಠ ಗದ್ದುಗೆಗೆ ಬರಲಿರುವ ಒಬ್ಬ ರಾಜಕುಮಾರನಿಗೆ ಮೀಸಲು. ಪದವಿ ತರಗತಿಯಲ್ಲಿ ಅದೇ ಪಾಠಕ್ಕೆ ಕೂರುವವರು, ಆಳುವವನನ್ನು ಆರಿಸುವ, ಅನುಸರಿಸುವ ಅಥವಾ ನಿರಾಕರಿಸುವ ಹೊಣೆ ಹೊತ್ತ ಸಾಮಾನ್ಯ ತರುಣ ತರುಣಿಯರು.