ತಟ್ಟೆಯಲ್ಲಿ ಬೆಳೆಯುವ ಗಡ್ಡೆ

ಒಂದೇ ಕಾಯಿಲೆ, ಒಂದೇ ಔಷಧಿ. ಆದರೂ ಒಬ್ಬ ರೋಗಿ ಚೇತರಿಸಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಗುಣ ಕಾಣುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಒಗಟು ಇದು. ಔಷಧಿಯನ್ನು ರೋಗಿಗೆ ಕೊಡುವ ಮೊದಲೇ ಅವನ ಗಡ್ಡೆಯ ಮೇಲೆ ಪರೀಕ್ಷಿಸುವಂತಿದ್ದರೆ?

ಇದಕ್ಕೆ ದಾರಿ ತೋರುತ್ತಿರುವುದೇ ‘ಆರ್ಗನಾಯ್ಡ್’. ಗಡ್ಡೆಯ ಚೂರೊಂದನ್ನು ಕಿಣ್ವಗಳಿಂದ ಬಿಡಿಬಿಡಿಯಾಗಿಸಿ, ಜೀವಕೋಶಗಳನ್ನು ಲೋಳೆಯಂಥ ಪ್ರೋಟೀನು ವಸ್ತುವಿನಲ್ಲಿ ಹುದುಗಿಸಿ, ಪೋಷಕಾಂಶಗಳನ್ನು ಉಣಿಸುತ್ತಾರೆ. ಕೆಲವು ವಾರಗಳಲ್ಲಿ ಅವು ಸಾಸಿವೆಗಿಂತ ಚಿಕ್ಕ ಉಂಡೆಗಳಾಗುತ್ತವೆ. ತಟ್ಟೆಯ ತಳಕ್ಕೆ ಅಂಟಿ ಹರಡುವ ಕೋಶಗಳಿಗಿಂತ ಇವು ಮೂಲ ಗಡ್ಡೆಯನ್ನು ಹೆಚ್ಚು ಹೋಲುತ್ತವೆ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹಳ ಕಷ್ಟ. ದಶಕಗಳ ಕಾಲ ಸಂಶೋಧಕರು ಬೆರಳೆಣಿಕೆಯ ಕೋಶವಂಶಗಳನ್ನೇ ನೆಚ್ಚಿಕೊಂಡಿದ್ದರು. 2014ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ತಂಡ ರೋಗಿಗಳ ಕೋಶಗಳಿಂದ 7 ಆರ್ಗನಾಯ್ಡ್ ವಂಶಗಳನ್ನು ಬೆಳೆಸಿತು. ಅದರಲ್ಲೊಂದು, ರಕ್ತದಲ್ಲಿ ತೇಲುತ್ತಿದ್ದ ಕ್ಯಾನ್ಸರ್ ಕೋಶಗಳಿಂದ ಬಂದದ್ದು! 2018ರಲ್ಲಿ ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದವರು ಮೂತ್ರಕೋಶದ ಕ್ಯಾನ್ಸರಿನಿಂದ 22 ವಂಶಗಳನ್ನು ಪಡೆದರು. ಒಂದೇ ಔಷಧಿಗೆ ಒಂದು ವಂಶ ಸೊರಗಿದರೆ ಮತ್ತೊಂದು ಜಗ್ಗಲಿಲ್ಲ. ರೋಗಿಗಳಲ್ಲಿ ಕಾಣುವ ಒಗಟು ತಟ್ಟೆಯಲ್ಲೂ ಕಂಡಿತು. ಅಂದರೆ ಅದರ ಕಾರಣವನ್ನು ಅಲ್ಲಿಯೇ ಹುಡುಕಬಹುದು.

ಆದರೆ ಈ ಉಂಡೆಗಳಲ್ಲಿ ರಕ್ತನಾಳಗಳಿಲ್ಲ. ಸಾಮಾನ್ಯವಾಗಿ ರೋಗನಿರೋಧಕ ಕೋಶಗಳೂ ಇರುವುದಿಲ್ಲ. ಎಲ್ಲರ ಗಡ್ಡೆಯೂ ತಟ್ಟೆಯಲ್ಲಿ ಬೆಳೆಯದು. ಬೆಳೆಯಲು ವಾರಗಳೇ ಬೇಕು, ರೋಗವಾದರೋ ಕಾಯುವುದಿಲ್ಲ. ಆದ್ದರಿಂದ ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಸಂಕೋಚ ಬಿಟ್ಟು ಕೂಡಲೇ ವೈದ್ಯರನ್ನು ಕಾಣುವುದೇ ಜಾಣತನ. ಮನೆಯ ಹಿರಿಯರಿಗೆ ಮಕ್ಕಳೂ ಈ ಮಾತನ್ನು ಹೇಳಬಹುದು.