ಉಬ್ಬರಕ್ಕೆ ಪಂಚಾಂಗವಿದೆ, ಹಮ್ಮಿಗಿ ಗೇಟಿಗೆ ಎಲ್ಲಿದೆ?

ಮುಂಡರಗಿ ತಾಲ್ಲೂಕಿನ ಹೊಳೆಸಾಲಿನ ಕೆಲವು ಹುಡುಗರು ಹೋದ ಚಳಿಗಾಲದಿಂದ ನನ್ನ ಮುಂದೆ ಒಂದೇ ಪ್ರಶ್ನೆ ಇಡ್ತಿದ್ದಾರೆ. "ಸರ, ಕರಾವಳಿಯವರು ಮಾಡ್ಯಾರಲ್ರಿ, ಹಂಗ ನಮ್ಮ ಹೊಳಿಯೊಳಗ ನಾವೂ ಒಂದು ದೋಣಿ ಕ್ಲಬ್ ಮಾಡಿದ್ರ ಹ್ಯಾಂಗ್ರಿ?" ಮೊಬೈಲಿನಲ್ಲಿ ಅವರು ನೋಡಿದ್ದು ಕಾಂಡ್ಲಾ ಗಿಡಗಳ ನಡುವೆ ಸಾಗುವ ಕಯಾಕುಗಳನ್ನು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾ ನದಿಯಲ್ಲಿ, ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಊರಿನವರೇ ನಿಂತು ಜನರನ್ನು ನೀರಿಗಿಳಿಸುವ ದೃಶ್ಯಗಳು.

ಮಾಡಬಹುದು ಅನ್ನೋದೇ ನನ್ನ ಉತ್ತರ. ಆದರೆ ಕರಾವಳಿಯವರಿಂದ ಕಲಿಯಬೇಕಾದ್ದು ಬಣ್ಣದ ದೋಣಿಯನ್ನಲ್ಲ. ಆ ದೋಣಿ ಯಾವಾಗ ನೀರಿಗಿಳಿಯುತ್ತೆ, ಯಾವಾಗ ದಡದಲ್ಲೇ ಕೂತಿರುತ್ತೆ ಅನ್ನೋ ಲೆಕ್ಕವನ್ನು. ನಮ್ಮ ತುಂಗಭದ್ರೆಯಲ್ಲಿ ಇಲ್ಲದಿರೋದು ಅದೊಂದೇ.

ಸಮುದ್ರ ಸೇರುವ ಹೊಳೆಯ ಬಾಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 8ಕ್ಕೆ ಉಬ್ಬರವಿದ್ದರೆ ನಾಳೆ ಸುಮಾರು 8.50ಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿ ಹೊತ್ತಿಗೆ ಮಂದ. ಕಾಂಡ್ಲಾ ಗಿಡಗಳ ಸಂದಿಯ ಕಿರುದಾರಿಗಳಲ್ಲಿ ದೋಣಿ ಹೋಗೋದೇ ಉಬ್ಬರದ ಹೊತ್ತಿನಲ್ಲಿ. ತಡಮಾಡಿದರೆ ಕೆಸರಿನಲ್ಲಿ ಕೂರಬೇಕು. ಇಳಿತ ಜೋರಿರುವಾಗ ಅಳಿವೆಯ ಹತ್ತಿರ ಹೋದರೆ ನೀರು ಸಮುದ್ರದ ಕಡೆ ಎಳೆಯುತ್ತೆ. ಇಷ್ಟೆಲ್ಲ ಅಪಾಯವಿದ್ದರೂ ಅಲ್ಲಿನ ಒಂದು ಸಣ್ಣ ತಂಡ ವರ್ಷವಿಡೀ ವೇಳಾಪಟ್ಟಿ ಹಾಕಿಕೊಂಡು ಕೆಲಸ ಮಾಡಬಲ್ಲದು. ಯಾಕಂದ್ರೆ ಏರಿಳಿತ ನಡೆಯೋದು ಸೂರ್ಯ-ಚಂದ್ರರ ಲೆಕ್ಕದಲ್ಲಿ, ಅದು ಮುಂಚೆಯೇ ಗೊತ್ತಿರುತ್ತೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಇಡೀ ವರ್ಷದ ಉಬ್ಬರ-ಇಳಿತದ ಪಟ್ಟಿ ಅಚ್ಚು ಹಾಕುತ್ತೆ. ಪಟ್ಟಿ ನೋಡದ ಮೀನುಗಾರನಿಗೂ ತಿಥಿ ನೋಡಿದರೆ ಸಾಕು.

ಈಗ ನಮ್ಮ ಕಡೆ ಬನ್ನಿ. ಶಿವಮೊಗ್ಗದ ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರ್ತವೆ. ಗಳಗನಾಥದಲ್ಲಿ ವರದೆ ಬಂದು ಕೂಡುತ್ತಾಳೆ. ಆಮೇಲೆ ಹೊಳೆ ಶಿರಹಟ್ಟಿ ತಾಲ್ಲೂಕಿನ ಹೊಳೆಇಟಗಿ ಕಡೆಯಿಂದ ಮುಂಡರಗಿಯ ಹಮ್ಮಿಗಿ, ಸಿಂಗಟಾಲೂರು, ಕೊರ್ಲಹಳ್ಳಿ ಸಾಲು ಹಿಡಿದು ಹೊಸಪೇಟೆಯ ಅಣೆಕಟ್ಟೆಗೆ ಹೋಗುತ್ತೆ. ಸಮುದ್ರ ನೂರಾರು ಕಿಲೋಮೀಟರ್ ದೂರ. ಉಬ್ಬರದ ಮಾತೇ ಇಲ್ಲ. ಆದರೂ ನಮ್ಮ ಹೊಳೆ ಏರುತ್ತೆ, ಇಳಿಯುತ್ತೆ. ಮೇಲ್ಗಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಇದೆ, ಅದರ ಸಾಮರ್ಥ್ಯ 71.5 ಟಿಎಂಸಿ. ಗಾಜನೂರಿನಲ್ಲಿ ತುಂಗಾ ಅಣೆಕಟ್ಟೆ ಇದೆ. ನಮ್ಮ ಮಗ್ಗುಲಲ್ಲೇ ಸಿಂಗಟಾಲೂರು ಏತ ನೀರಾವರಿಯ ಹಮ್ಮಿಗಿ ಬ್ಯಾರೇಜ್ ಇದೆ. ಅದರ ವಿನ್ಯಾಸದ ಸಾಮರ್ಥ್ಯ 3.12 ಟಿಎಂಸಿ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಗೇಟು ಹಾಕಿದರೆ ಮೇಲಿನ ಊರುಗಳ ಮುಂದೆ ಹೊಳೆ ಕೆರೆಯಂತೆ ನಿಲ್ಲುತ್ತೆ. ಎತ್ತಿದರೆ ಕೆಳಗಿನ ಊರುಗಳ ಮುಂದೆ ಮಂಡಿಯುದ್ದದ ನೀರು ಸ್ವಲ್ಪ ಹೊತ್ತಿನಲ್ಲೇ ಎದೆಗೆ ಬರುತ್ತೆ.

ಅಂದರೆ ನಮ್ಮದೂ ಉಬ್ಬರ-ಇಳಿತದ ಹೊಳೆಯೇ. ಮಾಡುವವನು ಚಂದ್ರ ಅಲ್ಲ, ಎಂಜಿನಿಯರು.

ಚಂದ್ರನನ್ನು ಕೇಳಬೇಕಾಗಿಲ್ಲ, ಎಂಜಿನಿಯರನ್ನು ಕೇಳಬೇಕು. ಕೇಳೋಕೆ ಹೋದರೆ ಏನಾಗುತ್ತೆ ಅನ್ನೋದನ್ನೂ ಹೇಳ್ತೀನಿ. ಆ ಹುಡುಗರ ಸಲುವಾಗಿ ಒಂದು ಕಚೇರಿಗೆ ಫೋನ್ ಮಾಡಿ, "ನೀರು ಬಿಡೋ ಮುಂಚೆ ನದಿದಂಡೆಯವರಿಗೆ ಒಂದು ಮೆಸೇಜ್ ಬರೋ ವ್ಯವಸ್ಥೆ ಇದೆಯೇನ್ರಿ?" ಅಂತ ಕೇಳಿದೆ. ಅವರು ಇನ್ನೊಂದು ಕಚೇರಿಯ ನಂಬರ್ ಕೊಟ್ಟರು. ಅಲ್ಲಿಯವರು, "ಮಳಿಗಾಲದಾಗ ಡಂಗುರ ಸಾರಿಸ್ತೀವ್ರಿ" ಅಂದರು. ಮಳೆಗಾಲದಲ್ಲಿ ಪ್ರವಾಹದ ಎಚ್ಚರಿಕೆ ಬರುತ್ತೆ, ನಿಜ. ಆದರೆ ಮಳೆಗಾಲದಲ್ಲಿ ದೋಣಿ ಬಿಡುವ ಹುಚ್ಚು ಯಾರಿಗೂ ಇಲ್ಲ. ಅಪಾಯ ಇರೋದು ಬಿಸಿಲಿರುವಾಗ, ಹೊಳೆ ಸಣ್ಣಗೆ ಹರಿಯುವಾಗ. ಪ್ರತಿ ಬೇಸಿಗೆಯಲ್ಲೂ ಗದಗ, ಹಾವೇರಿ ಕಡೆಯ ಕುಡಿಯುವ ನೀರಿಗಾಗಿ ಭದ್ರೆಯಿಂದ ನದಿಗೆ ನೀರು ಬಿಡ್ತಾರೆ. ಗದಗ-ಬೆಟಗೇರಿಯ ನಲ್ಲಿಗೆ ಬರೋದೂ ಈ ಹೊಳೆಯ ನೀರೇ. ಹೊಳೆ ಇಲ್ಲದ ಲಕ್ಷ್ಮೇಶ್ವರದವರು ಕುಡಿಯೋದೂ ಮೇವುಂಡಿ ಹತ್ತಿರ ಎತ್ತಿದ ತುಂಗಭದ್ರೆಯನ್ನೇ. ನೀರು ಬಿಟ್ಟ ದಿನ ಪತ್ರಿಕೆಯಲ್ಲಿ ಕ್ಯುಸೆಕ್ ಲೆಕ್ಕ ಬರುತ್ತೆ. ಅದು ನಮ್ಮೂರ ಮುಂದೆ ಯಾವತ್ತು ಎಷ್ಟು ಹೊತ್ತಿಗೆ ಬರುತ್ತೆ, ಹಮ್ಮಿಗಿಯಲ್ಲಿ ಎಷ್ಟು ಹಿಡೀತಾರೆ, ಎಷ್ಟು ಬಿಡ್ತಾರೆ ಅನ್ನೋದು ಮಾತ್ರ ಎಮ್ಮೆ ಮೈ ತೊಳೆಯೋಕೆ ಹೊಳೆಗಿಳಿದವನಿಗೆ ತಲುಪಲ್ಲ.

ಹಾಗಾಗಿ ಕ್ಲಬ್ಬಿನ ಮೊದಲ ಆಸ್ತಿ ದೋಣಿ ಅಲ್ಲ, ಒಂದು ಅಳತೆಗೋಲು. ದಡದಲ್ಲಿ ಸಿಮೆಂಟ್ ಕಂಬ ಹುಗಿದು ಅಡಿ-ಅಡಿಗೆ ಬಣ್ಣ ಬಳಿಯಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರೆಲ್ಲಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ವರ್ಷ ಬರೆದರೆ ಅದೇ ನಮ್ಮ ಪಂಚಾಂಗ. ಎರಡನೆಯದು, ಬ್ಯಾರೇಜಿನ ಗೇಟು ನೋಡಿಕೊಳ್ಳುವವರ ಜೊತೆ ಬರಹದಲ್ಲಿ ಒಂದು ಒಪ್ಪಂದ: ಗೇಟು ಎತ್ತುವ ಮುಂಚೆ ಕ್ಲಬ್ಬಿನ ಇಬ್ಬರಿಗೆ ಫೋನ್. ಇಬ್ಬರು ಯಾಕಂದ್ರೆ ಒಬ್ಬನ ಫೋನ್ ಸ್ವಿಚ್ ಆಫ್ ಇರ್ತದೆ. ಫೋನ್ ಬಂದರೆ ಎಲ್ಲ ದೋಣಿ ದಡಕ್ಕೆ. ಫೋನ್ ಬರದೇ ಕಂಬದಲ್ಲಿ ನೀರು ಅರ್ಧ ಅಡಿ ಏರಿದರೂ ಎಲ್ಲ ದೋಣಿ ದಡಕ್ಕೆ. ಮನುಷ್ಯ ಮರೆಯಬಹುದು, ಯಂತ್ರವೂ ಕೈಕೊಡಬಹುದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅದಕ್ಕೆ ಯಾರ ಫೋನೂ ಮುಂಚೆ ಬಂದಿರಲಿಲ್ಲ.

ನೀರಿನ ಮೇಲಿನದ್ದಾಯಿತು. ಅಡಿಯಲ್ಲಿ ಏನಿದೆ? ಹೊಳೆಸಾಲಿನಲ್ಲಿ ಈಜಿದ ಯಾರನ್ನಾದರೂ ಕೇಳಿ, ಮೊದಲು ಹೇಳೋದು ಉಸುಕಿನ ಗುಂಡಿ. ಮರಳು ತೆಗೆದ ಜಾಗದಲ್ಲಿ ತಳ ಸಮ ಇಲ್ಲ. ಮೊಣಕಾಲಿನ ನೀರಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಐದನೇ ಹೆಜ್ಜೆಗೆ ತಲೆ ಮುಳುಗುತ್ತೆ. ದೋಣಿ ಮಗುಚಿದರೆ "ಇಲ್ಲಿ ನೀರು ಕಮ್ಮಿ ಐತಿ, ನಿಂತ್ಕೋ" ಅನ್ನುವ ಧೈರ್ಯವನ್ನು ಯಾರೂ ಹೇಳಬಾರದು. ಎರಡನೆಯದು ಪಂಪ್‌ಸೆಟ್. ದಂಡೆಯುದ್ದಕ್ಕೂ ರೈತರ ಪೈಪುಗಳು ನೀರಿಗಿಳಿದಿರ್ತವೆ. ಕೆಲವು ಕಡೆ ಕರೆಂಟಿನ ಕೇಬಲ್ಲೂ ನೀರಿನ ಅಂಚಿನಲ್ಲೇ. ಮೂರನೆಯದು ಬ್ಯಾರೇಜಿನ ಹಿನ್ನೀರಲ್ಲಿ ಮುಳುಗಿದ ಜಾಲಿ ಬೊಡ್ಡೆ, ಹಳೇ ಬೇಲಿ, ಕಟ್ಟೆ. ನೀರು ನಿಂತಿದ್ದು ಹೊಲದ ಮೇಲೆ, ಊರಿನ ಅಂಚಿನ ಮೇಲೆ. ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದವರ ಪುನರ್ವಸತಿಯ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರ ಮುಳುಗಡೆಯ ನೀರಿನ ಮೇಲೆ ನಾವು ವಿಹಾರ ಮಾಡೋಕೆ ಹೊರಟಿದ್ದೀವಿ ಅನ್ನೋದು ಕ್ಲಬ್ಬಿನವರ ತಲೆಯಲ್ಲಿರಲಿ. ಮತ್ತೆ ಮೀನಿನ ಬಲೆಗಳು. ಬಲೆ ಯಾರದು, ಎಲ್ಲಿ ಕಟ್ಟಿದ್ದಾರೆ ಅಂತ ಮೀನುಗಾರರನ್ನು ಕೇಳದೆ ಹುಟ್ಟು ಹಾಕಿದರೆ ಮೊದಲ ವಾರವೇ ಜಗಳ.

ಇಲ್ಲಿ ನನ್ನ ಒಂದು ಹಟ ಇದೆ. ಪ್ಲಾಸ್ಟಿಕ್ ಕಯಾಕ್ ತರೋದಕ್ಕೆ ಅಡ್ಡಿಯಿಲ್ಲ, ಆದರೆ ಕ್ಲಬ್ ಶುರುವಾಗಬೇಕಾದ್ದು ಹರಿಗೋಲಿನಿಂದ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ದುಂಡನೆಯ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ. ಹೊರಗೆ ತೊಗಲು ಹೊದಿಸಿದ ಆ ಬುಟ್ಟಿಗಳಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ, ಎತ್ತು ಕೂಡ ದಾಟುತ್ತಿದ್ದವಂತೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಬಿದಿರಿನ ಹೆಣಿಗೆ ಮಾತ್ರ ಅದೇ. ದುಂಡಗಿರೋದರಿಂದ ಅದಕ್ಕೆ ಮುಂದೆ ಹಿಂದೆ ಇಲ್ಲ, ಒಂದೇ ಕಡೆ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತೆ. ಎದುರಿಗೆ ಹುಟ್ಟು ಚಾಚಿ ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕು, ಆಗ ಅದು ನೆಟ್ಟಗೆ ಸಾಗುತ್ತೆ. ತಳ ಚಪ್ಪಟೆ, ಹಾಗಾಗಿ ಕಲ್ಲು, ಉಸುಕು ಇರುವ ಕಮ್ಮಿ ನೀರಿಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಗಾಳಿ ಎದ್ದರೆ ಮಾತ್ರ ಇದನ್ನು ನಂಬಬೇಡಿ.

ಈ ವಿದ್ಯೆ ಇರೋದು ಅಂಬಿಗರ ಕೈಯಲ್ಲಿ. ಮೇಲ್ಗಡೆ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಇವತ್ತಿಗೂ ಇದೆ. ಕೊರ್ಲಹಳ್ಳಿಯಂಥ ಕಡೆ ಸೇತುವೆ ಬಂದಮೇಲೆ ದಾಟುವವರು ಬಸ್ಸು, ಬೈಕು ಹಿಡಿದರು. ಅದು ತಪ್ಪಲ್ಲ, ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯೋಕೆ ಸೇತುವೆಯೇ ಬೇಕು. ಆದರೆ ದಾಟಿಸುವ ಕೆಲಸ ಹೋದಾಗ ನೀರು ಓದುವ ಕಣ್ಣೂ ಹೋಗುತ್ತೆ. ಕ್ಲಬ್ ಅಂದಮೇಲೆ ಪಟ್ಟಣದ ವಕೀಲರು, ಮಾಸ್ತರರು, ಅಂಗಡಿಯವರು ಅಧ್ಯಕ್ಷ-ಕಾರ್ಯದರ್ಶಿ ಆಗಿ, ಅಂಬಿಗರನ್ನು ದಿನಗೂಲಿಗೆ ಕರೆಯೋದೇ ಸಾಮಾನ್ಯ ರೂಢಿ. ಅದು ಬೇಡ. ತಿಂಗಳ ಸಂಬಳದ ತರಬೇತುದಾರ ಅವರೇ ಆಗಲಿ, ಆಡಳಿತ ಮಂಡಳಿಯಲ್ಲಿ ಅವರಿಗೆ ಮತ ಇರಲಿ, "ಇವತ್ತು ನೀರಿಗೆ ಇಳಿಯೋದು ಬೇಡ" ಅನ್ನುವ ಕೊನೆಯ ಮಾತು ಅವರದೇ ಆಗಿರಲಿ. ಅಧ್ಯಕ್ಷರ ನೆಂಟರು ಧಾರವಾಡದಿಂದ ಬಂದು ದಡದಲ್ಲಿ ಕಾಯ್ತಿದ್ದರೂ.

ಕಾನೂನು ಏನನ್ನುತ್ತೆ? 1917ರ ಹಳೇ ಕಾಯ್ದೆಯ ಜಾಗದಲ್ಲಿ ಈಗ 2021ರ ಒಳನಾಡು ಜಲನೌಕೆಗಳ ಕಾಯ್ದೆ ಬಂದಿದೆ. ಎಂಜಿನ್ ಇರುವ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಎಲ್ಲ ಬೇಕು. ಎಂಜಿನ್ ಇಲ್ಲದ ದೋಣಿಗಳ ದಾಖಲಾತಿಯ ಕೆಲಸವನ್ನು ಜಿಲ್ಲೆ, ತಾಲ್ಲೂಕು, ಗ್ರಾಮ ಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸೋಕೆ ಕಾಯ್ದೆಯಲ್ಲೇ ಅವಕಾಶವಿದೆ. ಹರಿಗೋಲು ಬರೋದು ಈ ಎರಡನೇ ಗುಂಪಿಗೆ. ಅಂದರೆ ಬೆಂಗಳೂರಿಗೆ ಅಲೆಯುವ ಮುಂಚೆ ಗ್ರಾಮ ಪಂಚಾಯಿತಿಯ ಠರಾವು ಹಿಡಿದು ತಹಶೀಲ್ದಾರರ ಮುಂದೆ ನಿಲ್ಲೋದು ಸರಿಯಾದ ದಾರಿ. ಎಂಜಿನ್ ಆಸೆ ಸದ್ಯಕ್ಕೆ ಬಿಡಿ.

ಸಂಘಟನೆಯ ವಿಷಯಕ್ಕೆ ನಮ್ಮ ಜಿಲ್ಲೆಯವರಿಗೆ ಪಾಠ ಹೇಳಬೇಕಾಗಿಲ್ಲ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಂಘ ಅಂತ ಅದಕ್ಕೆ ಹೆಸರಿದೆ. ದೋಣಿ ಕ್ಲಬ್ಬಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಸಾಕು. ಏಳು ಜನ ಸೇರಿದರೆ ಸಂಘ ಆಗುತ್ತೆ. ಕಷ್ಟ ಇರೋದು ನೋಂದಣಿಯಲ್ಲಲ್ಲ, ಎರಡನೇ ವರ್ಷದಲ್ಲಿ. ವಾರ್ಷಿಕ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಪ್ರತಿವರ್ಷ ನೋಂದಣಾಧಿಕಾರಿಗೆ ಕೊಡಬೇಕು. ನಮ್ಮ ಯುವಕ ಸಂಘಗಳು ಬೋರ್ಡ್ ಮಾತ್ರ ಉಳಿಸಿಕೊಂಡು ಸಾಯೋದು ಇಲ್ಲೇ.

ದುಡ್ಡಿನ ಲೆಕ್ಕ ಹೀಗಿಟ್ಟುಕೊಳ್ಳಿ. 40 ಸದಸ್ಯರು ತಿಂಗಳಿಗೆ 200 ರೂಪಾಯಿ ಕೊಟ್ಟರೆ 8,000. ಅದರಲ್ಲಿ ಒಬ್ಬ ತರಬೇತುದಾರನ ಪೂರ್ತಿ ಸಂಬಳವೂ ಆಗಲ್ಲ. ವಾರಾಂತ್ಯದಲ್ಲಿ ಹೊರಗಿನವರನ್ನು ಕೂರಿಸಿ ದುಡ್ಡು ಮಾಡೋಣ ಅನ್ನುವ ಮಾತು ಆಗ ಬರುತ್ತೆ. ಬರಲಿ, ಆದರೆ ಅಪಾಯ ಶುರುವಾಗೋದೂ ಅಲ್ಲೇ. ಜಾತ್ರೆಯ ದಿನ ಸಿಂಗಟಾಲೂರು ವೀರಭದ್ರೇಶ್ವರನ ದರ್ಶನಕ್ಕೆ ಬಂದವರು ದಡದಲ್ಲಿ ಸಾಲು ನಿಂತಿರ್ತಾರೆ, ನಾಲ್ಕು ಜನರ ಹರಿಗೋಲಿಗೆ ಏಳನೆಯವನು ಕಾಲಿಡ್ತಾನೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸಾಗುವಾಗ ಮಗುಚಿದ ದೋಣಿಯಲ್ಲೂ ಆಗಿದ್ದು ಇದೇ, 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನು ಹಿಡಿಯುವ ದೋಣಿಯನ್ನು ವಿಹಾರದ ದೋಣಿ ಮಾಡಿ, ಮಿತಿಮೀರಿ ಜನ ತುಂಬಿ, ಕತ್ತಲಾದ ಮೇಲೆ ಬಿಟ್ಟರು, 22 ಜನ ಸತ್ತರು. ಎರಡೂ ಕಡೆ ನೀರಿನ ತಪ್ಪು ಕಮ್ಮಿ.

ಇಂಥದ್ದು ಆದಮೇಲೆ ಆಡಳಿತ ಮಾಡೋದು ಒಂದೇ ಕೆಲಸ: ನಿಷೇಧ. ನಿಷೇಧದ ಬೋರ್ಡ್ ಹಾಕಿದ ಮಾತ್ರಕ್ಕೆ ಹುಡುಗರು ಹೊಳೆಗಿಳಿಯೋದು ನಿಲ್ಲಲ್ಲ, ಜಾಕೆಟ್ ಇಲ್ಲದೆ ಇಳೀತಾರೆ ಅಷ್ಟೆ. ಬೇಸಿಗೆ ರಜೆಯಲ್ಲಿ ಹೊಳೆಯಲ್ಲಿ, ಕೃಷಿಹೊಂಡದಲ್ಲಿ ಮುಳುಗಿದ ಮಕ್ಕಳ ಸುದ್ದಿ ಓದದ ವರ್ಷ ನನಗೆ ನೆನಪಿಲ್ಲ. ದೋಣಿ ಕ್ಲಬ್ಬು ಹೊಳೆಸಾಲಿನ ಊರಿಗೆ ಶೋಕಿ ಅಲ್ಲ ಅಂತ ನಾನು ವಾದ ಮಾಡೋದು ಇದಕ್ಕೇ. ಶಾಲೆಯ ಮಕ್ಕಳಿಗೆ, ಅದರಲ್ಲೂ ಯಾರೂ ಈಜು ಕಲಿಸದ ಹೆಣ್ಣುಮಕ್ಕಳಿಗೆ, ತೇಲೋದನ್ನು, ಹಗ್ಗ ಎಸೆಯೋದನ್ನು ಕಲಿಸುವ ಜಾಗ ಊರಲ್ಲಿ ಇನ್ನೊಂದಿಲ್ಲ. ಮುಳುಗುವವನ ಹಿಂದೆ ಹಾರಬಾರದು, ಹಗ್ಗ ಕಟ್ಟಿದ ಖಾಲಿ ಕ್ಯಾನ್ ಎಸೆಯಬೇಕು. ಇಷ್ಟು ಗೊತ್ತಿದ್ದರೆ ಒಬ್ಬನ ಜೊತೆ ಇನ್ನಿಬ್ಬರು ಹೋಗೋದು ತಪ್ಪುತ್ತೆ.

ಗದಗಿನವರು ಕೇಳ್ತಾರೆ, ಭೀಷ್ಮ ಕೆರೆ ಇದೆಯಲ್ಲ ಅಂತ. ಹುಟ್ಟು ಹಿಡಿಯೋದನ್ನು ಕಲಿಯೋಕೆ ನಿಂತ ನೀರು ಒಳ್ಳೇದೇ. ಆದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಕಡೆ ಮಾತ್ರ ದೋಣಿ ತಗೊಂಡು ಹೋಗಬೇಡಿ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ ಕೆರೆ ಅದು. 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅದರ ಜೊತೆಗೇ ಪಟ್ಟಿ ಸೇರಿದ್ದು ಕುಮಟಾದ ಅಘನಾಶಿನಿ ಅಳಿವೆ, ನಮ್ಮ ಹುಡುಗರು ವಿಡಿಯೋದಲ್ಲಿ ನೋಡಿದಂಥದ್ದೇ ಉಬ್ಬರದ ಹೊಳೆ.

ದೋಣಿಯ ಹಂಗಾಮು ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿ. ಹೊಳೆ ಇಳಿದ ಮೇಲೆ, ಯಾವ ಜಾಕೆಟ್ಟನ್ನೂ ಕೊಳ್ಳುವ ಮುಂಚೆ, ಅಂಬಿಗರೊಬ್ಬರನ್ನು ಕೂರಿಸಿಕೊಂಡು, ಅಡಿ ಗುರುತು ಹಾಕಿದ ಬಿದಿರು ಗಳ ಹಿಡಿದು, ಅರ್ಧ ಕಿಲೋಮೀಟರ್ ಹೊಳೆಯ ತಳವನ್ನು ಹತ್ತು ಹೆಜ್ಜೆಗೊಮ್ಮೆ ಅಳೆದು ನಕ್ಷೆ ಬರೆಯಿರಿ ಅಂತ ಆ ಹುಡುಗರಿಗೆ ಹೇಳಿದ್ದೀನಿ. ಉಸುಕಿನ ಗುಂಡಿ ಸಿಕ್ಕ ಕಡೆ ಕೆಂಪು ಕ್ಯಾನ್ ತೇಲಿಬಿಡಬೇಕು. ಮೂರು ವಾರದ ಕೆಲಸ ಅದು. ಗೇಟಿನ ಫೋನಿನ ಸಲುವಾಗಿ ಪಂಚಾಯಿತಿಯ ಠರಾವಿನ ಜೊತೆ ಅರ್ಜಿ ಬರೆದಿದ್ದಾರೆ. ಕಚೇರಿಯವರು ಸ್ವೀಕೃತಿ ಕೊಟ್ಟಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.