ಹಲಸಿನ ತೊಳೆಗೆ ಯಾವ ಬಣ್ಣ?

ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದ ಹೆಸರನ್ನು ನಾಡಿನ ರೈತರ ಬಾಯಲ್ಲಿ ನಿಲ್ಲಿಸಿದ್ದು ‘ಸಿದ್ದು’ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಮರವದು. ಕೇಂದ್ರದ ವಿಜ್ಞಾನಿಗಳು ಅದರ ಗುಣ ಗುರುತಿಸಿ ಕಸಿ ಗಿಡಗಳನ್ನು ಬೆಳೆಸಿದರು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆ.ಜಿ. ಬಿಡಿಸಿದರೆ ಒಳಗಿನ ತೊಳೆ ತಾಮ್ರಗೆಂಪು. ತಿನ್ನುವವರಿಗೆ ಆ ಬಣ್ಣ ಬಾಯಲ್ಲಿ ನೀರೂರಿಸುತ್ತದೆ. ತೈಲವರ್ಣ ಕಲಿಯುವವರ ಪಾಲಿಗೆ ಅದು ದೊಡ್ಡ ಪರೀಕ್ಷೆ. ಏಕೆಂದರೆ ಅಂಗಡಿಯ ಯಾವ ಟ್ಯೂಬಿನಲ್ಲೂ ಆ ಬಣ್ಣವಿಲ್ಲ. ಬರೀ ಕಿತ್ತಳೆ ಹಚ್ಚಿದರೆ ತೊಳೆ ನಕಲಿಯಾಗಿ ಕಾಣುತ್ತದೆ. ಕಂದು ಬಣ್ಣದ ಬರ್ನ್ಟ್ ಸಿಯೆನ್ನಾ ಹಚ್ಚಿದರೆ ಕಳೆ ಇಳಿದುಹೋಗುತ್ತದೆ. ಹೊಳಪು ಬರಲೆಂದು ಬಿಳಿ ಬೆರೆಸಿದರೆ ಹಣ್ಣಿನ ಬಿಸುಪೆಲ್ಲ ಹೋಗಿ ಸುಣ್ಣ ಬಳಿದಂತಾಗುತ್ತದೆ.

ಇಂಥಲ್ಲಿ ಕಲಿಯುವವರು ಸಾಮಾನ್ಯವಾಗಿ ಇನ್ನೊಂದು ಟ್ಯೂಬು ಕೊಳ್ಳಲು ಹೊರಡುತ್ತಾರೆ. ಕೈಯಲ್ಲಿರುವ ಟ್ಯೂಬುಗಳೇ ಸಾಕು, ಅವು ಒಂದರ ಜೊತೆ ಒಂದು ಕೂಡಿದಾಗ ಏನಾಗುತ್ತವೆಂದು ತಿಳಿದಿಲ್ಲ ಅಷ್ಟೆ. ಅದನ್ನು ತಿಳಿಯಲು ಬಣ್ಣ ಬೆರಕೆಯ ಚಾರ್ಟ್ ಬರೆಯುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಅಮೆರಿಕದ ಚಿತ್ರಕಾರ ರಿಚರ್ಡ್ ಶ್ಮಿಡ್ ‘ಆಲಾ ಪ್ರಿಮಾ’ ಎಂಬ ತಮ್ಮ ಪುಸ್ತಕದಲ್ಲಿ ಈ ಅಭ್ಯಾಸವನ್ನು ವಿವರವಾಗಿ ಹೇಳಿದ ಮೇಲೆ ಲೋಕದ ಎಷ್ಟೋ ಚಿತ್ರಶಾಲೆಗಳಲ್ಲಿ ಇದು ಕಲಿಕೆಯ ಭಾಗವಾಯಿತು. ಅವರ ಪ್ಯಾಲೆಟ್ಟಿನಲ್ಲಿ ಬಿಳಿಯನ್ನು ಬಿಟ್ಟು 11 ಬಣ್ಣಗಳಿದ್ದವು. ಹೊಸಬರಿಗೆ ಏಳು ಧಾರಾಳವಾಯಿತು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಸಿಯೆನ್ನಾ, ಹಸಿರಿಗೆ ವಿರಿಡಿಯನ್, ನೀಲಿಗೆ ಅಲ್ಟ್ರಾಮರೀನ್. ಜೊತೆಗೆ ಟೈಟಾನಿಯಂ ವೈಟ್.

ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ. ಕ್ಯಾನ್ವಾಸ್ ಬೋರ್ಡ್ ಆದೀತು, ಗೆಸ್ಸೋ ಎಂಬ ಬಿಳಿ ತಳಲೇಪ ಬಳಿದ ದಪ್ಪ ಕಾಗದವೂ ಆದೀತು. ಪೆನ್ಸಿಲ್ಲಿನಲ್ಲಿ ಅಂಗುಲದ ಚೌಕಗಳನ್ನು ಗೀಚಿ, ನಡುವಿನ ಗೆರೆಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಅಡ್ಡಕ್ಕೆ ಏಳು ಚೌಕ, ಉದ್ದಕ್ಕೆ ಐದು. ಓಕರಿನ ಹಾಳೆ ಎಂದುಕೊಳ್ಳಿ. ಮೊದಲ ಕಂಬದಲ್ಲಿ ಓಕರ್ ಒಂದೇ. ಉಳಿದ ಆರು ಕಂಬಗಳಲ್ಲಿ ಓಕರಿಗೆ ಉಳಿದ ಆರು ಬಣ್ಣಗಳು ಒಂದೊಂದಾಗಿ ಸೇರುತ್ತವೆ. ಆದರೆ ಬೆರಕೆಯಲ್ಲಿ ಓಕರಿನದೇ ಮೇಲುಗೈ ಇರಬೇಕು. ಅಲ್ಟ್ರಾಮರೀನಿನ ಹಾಳೆಗೆ ಬಂದಾಗ ಓಕರ್-ಅಲ್ಟ್ರಾಮರೀನ್ ಜೋಡಿ ಮತ್ತೆ ಬರುತ್ತದೆ, ಈ ಸಲ ನೀಲಿಯ ಮೇಲುಗೈ. ಎರಡು ಸಲ ಬರೆದದ್ದು ವ್ಯರ್ಥವೆನಿಸಬಹುದು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಅವು ಬೇರೆ ಬೇರೆ ಬಣ್ಣಗಳೇ.

ಮೇಲಿನ ಚೌಕದಲ್ಲಿ ಬಿಳಿಯಿಲ್ಲದ ಬೆರಕೆ. ಕೆಳಗಿಳಿದಂತೆ ಬಿಳಿ ಹೆಚ್ಚುತ್ತ ಐದನೆಯ ಚೌಕ ಹೆಚ್ಚುಕಡಿಮೆ ಬಿಳಿಯೇ ಆಗಿರುತ್ತದೆ. ಇಲ್ಲಿ ಮೇಲಿನಿಂದ ಕೆಳಕ್ಕೆ ಸರದಿಯಲ್ಲಿ ಬರೆಯುತ್ತ ಹೋದರೆ ಅಂತರ ಸಮನಾಗುವುದಿಲ್ಲ. ಮೊದಲು ಮೇಲಿನದು, ಆಮೇಲೆ ತಳದ್ದು, ಆಮೇಲೆ ಎರಡರ ಸರಿಮಧ್ಯದ್ದು. ಕೊನೆಗೆ ಉಳಿದ ಎರಡು. ಕಣ್ಣಿಗೆ ನಿಜವಾದ ಸಾಧನೆ ಈ ಹಂತದಲ್ಲೇ. ಎರಡನೆಯ ಚೌಕ ಒಂದನೆಯದಕ್ಕೆ ಎಷ್ಟು ದೂರವೋ ಮೂರನೆಯದಕ್ಕೂ ಅಷ್ಟೇ ದೂರ ಇರಬೇಕೆಂದು ಚೂರು ಬಿಳಿ ಸೇರಿಸಿ, ಕಣ್ಣು ಕಿರಿದುಮಾಡಿ ನೋಡಿ, ಮತ್ತೆ ಚೂರು ಬೆರೆಸಿ ನೋಡುವುದಿದೆಯಲ್ಲ, ಆ ತಾಳ್ಮೆಯೇ ಮುಂದೆ ಮುಖದ ಮೇಲಿನ ಬೆಳಕನ್ನೋ ಗೋಡೆಯ ಮೇಲಿನ ಬಿಸಿಲನ್ನೋ ಅಳೆಯುವ ಶಕ್ತಿಯಾಗುತ್ತದೆ. ಎಲ್ಲವನ್ನೂ ಪ್ಯಾಲೆಟ್ ನೈಫಿನಲ್ಲೇ ಬೆರೆಸಿ ಹಚ್ಚಬೇಕು. ಬ್ರಷ್ಷಿನ ಬುಡದಲ್ಲಿ ಹಳೆಯ ಬಣ್ಣ ಅಡಗಿರುತ್ತದೆ, ನೈಫು ಒಂದು ಒರೆಸಿಗೆ ಶುದ್ಧ. ಬಣ್ಣ ಹಸಿ ಇರುವಾಗಲೇ ಟೇಪ್ ಎಳೆದುಬಿಡಿ. ಏಳು ಹಾಳೆ ಮುಗಿದಾಗ 245 ಚೌಕಗಳು ನಿಮ್ಮ ಮುಂದಿರುತ್ತವೆ.

ಈಗ ಹಿರೇಹಳ್ಳಿಯ ಸುತ್ತ ಒಮ್ಮೆ ಕಣ್ಣಾಡಿಸಿ. ತೆಂಗು, ಅಡಿಕೆ, ಮಾವು, ಹುಣಸೆ, ಹಲಸು, ಮಳೆ ಹಿಡಿದರೆ ರಾಗಿ ಹೊಲ. ಎಲ್ಲವನ್ನೂ ಹಸಿರು ಎಂದು ಹೇಳಿ ಮುಗಿಸಬಹುದು, ಬರೆದು ಮುಗಿಸಲು ಆಗುವುದಿಲ್ಲ. ಕಲಿಯುವವರ ಚಿತ್ರಗಳಲ್ಲಿ ಮೊದಲು ಎಡವುವುದು ಈ ಹಸಿರೇ. ವಿರಿಡಿಯನ್ನಿಗೆ ಹಳದಿ ಸೇರಿಸಿ ಇಡೀ ತೋಟಕ್ಕೆ ಬಳಿದಿರುತ್ತಾರೆ. ಚಾರ್ಟ್ ಬರೆದವರಿಗೆ ದಾರಿಗಳು ಕಾಣುತ್ತವೆ. ಲೆಮನ್ ಯೆಲ್ಲೋಗೆ ವಿರಿಡಿಯನ್ ಸೋಕಿದರೆ ಬಾಳೆಯ ಹೊಸ ಸುಳಿಯ ಚುರುಕು ಹಸಿರು. ಓಕರಿಗೆ ಅಲ್ಟ್ರಾಮರೀನ್ ಸೇರಿದರೆ ಮಾಗುತ್ತಿರುವ ರಾಗಿ ತಾಳಿನ ಮಂಕು ಹಸಿರು. ವಿರಿಡಿಯನ್ನಿಗೆ ಬರ್ನ್ಟ್ ಸಿಯೆನ್ನಾ ಬೆರೆತರೆ ಅಡಿಕೆ ತೋಟದೊಳಗಿನ ಗಾಢ ನೆರಳು, ಕಪ್ಪಿನ ಸಹಾಯವಿಲ್ಲದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದ ಕಂಬ. ಮೇಲಿನ ಚೌಕ ಬರೀ ಕಪ್ಪಾಗಿ ಕಾಣುತ್ತದೆ. ಬಿಳಿ ಸೇರುತ್ತಿದ್ದಂತೆ ಒಳಗಿದ್ದದ್ದು ಹೊರಬರುತ್ತದೆ: ನೀಲಿ ಹೆಚ್ಚಿದ್ದರೆ ತಣ್ಣನೆಯ ಬೂದಿ, ಸಿಯೆನ್ನಾ ಹೆಚ್ಚಿದ್ದರೆ ಬೆಚ್ಚನೆಯ ಬೂದಿ. ಇದೇ ಸೀಮೆಯ ದೇವರಾಯನದುರ್ಗದ ಬಂಡೆಗಳ ಬೆಳಗೂ ಸಂಜೆಯೂ ಈ ಒಂದೇ ಜೋಡಿಯಿಂದ ಹೊರಡುತ್ತವೆ.

ಬಣ್ಣದ ಚಾರ್ಟ್ ಚಿತ್ರಕಾರರಿಗಷ್ಟೇ ಸೇರಿದ್ದಲ್ಲ. ಬಣ್ಣಕ್ಕೆ ಮೂರು ಗುಣಗಳೆಂದು ಲೆಕ್ಕ ಹಾಕಿದ ಆಲ್ಬರ್ಟ್ ಮನ್ಸೆಲ್ ಕೂಡ ಚಿತ್ರಕಾರ, ಚಿತ್ರಕಲೆಯ ಮೇಷ್ಟ್ರು. ಬಣ್ಣ ಯಾವ ಜಾತಿಯದು, ಎಷ್ಟು ತಿಳಿ ಅಥವಾ ಗಾಢ, ಎಷ್ಟು ತೀವ್ರ ಎಂಬ ಮೂರು ಅಳತೆಗಳ ಪುಸ್ತಕವನ್ನು ಅವರು 1905ರಲ್ಲಿ ಪ್ರಕಟಿಸಿದರು. ಇಂದು ಮಣ್ಣು ವಿಜ್ಞಾನಿಗಳು ಹೊಲದಲ್ಲಿ ನಿಂತು ಹೆಂಟೆಯ ಬಣ್ಣವನ್ನು ಹೋಲಿಸಿ ಬರೆದುಕೊಳ್ಳುವುದು ಮನ್ಸೆಲ್ ಹಾಳೆಗಳಿಂದಲೇ. ಹೂವು ಹಣ್ಣುಗಳ ತಳಿಯನ್ನು ವರ್ಣಿಸುವಾಗ ಲೋಕದಾದ್ಯಂತ ಬಳಸುವ ಇನ್ನೊಂದು ಚಾರ್ಟ್ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು. ಆ ಚಾರ್ಟುಗಳು ಇದು ಇಂಥ ಬಣ್ಣ ಎಂದು ಹೆಸರಿಟ್ಟು ನಿಲ್ಲುತ್ತವೆ. ಚಿತ್ರಕಾರನ ಕೈಬರಹದ ಚಾರ್ಟ್ ಆ ಬಣ್ಣಕ್ಕೆ ಹೋಗುವ ದಾರಿಯನ್ನೂ ಹೇಳುತ್ತದೆ, ಅದಕ್ಕೇ ಅದನ್ನು ಅಚ್ಚುಹಾಕಿಸಿ ಕೊಳ್ಳಲು ಬರುವುದಿಲ್ಲ. ಒಂದು ಕಂಪನಿಯ ಅಲ್ಟ್ರಾಮರೀನ್ ಇನ್ನೊಂದರಂತೆ ಇರುವುದಿಲ್ಲ; ನಿಮ್ಮ ಟ್ಯೂಬುಗಳಿಗೆ ನಿಮ್ಮದೇ ಚಾರ್ಟ್ ಬೇಕು.

ಈ ಅಭ್ಯಾಸಕ್ಕೆ ತೈಲವರ್ಣ ವಿಶೇಷವಾಗಿ ಒಗ್ಗುತ್ತದೆ. ಕಂಪನಿ ನಾಟಕಗಳ ಪರದೆ ಬರೆಯುವವರು ಪುಡಿ ಬಣ್ಣವನ್ನು ಸರೇಸಿನ ನೀರಿನಲ್ಲಿ ಕಲಸುತ್ತಿದ್ದರು. ಆ ಬಣ್ಣ ಹಸಿಯಲ್ಲಿ ಗಾಢ, ಒಣಗಿದರೆ ತಿಳಿ. ನಾಳೆ ಒಣಗಿದ ಮೇಲೆ ಹೇಗೆ ಕಂಡೀತೆಂದು ಇವತ್ತೇ ಊಹಿಸಿ ದರ್ಬಾರನ್ನೂ ಕಾಡನ್ನೂ ಬರೆಯಬೇಕಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ನೆನಪಿರುವ ಈ ಸೀಮೆಯಲ್ಲಿ ಆ ಅನಾಮಿಕ ಕೈಗಳಿಗೆ ಒಂದು ನಮಸ್ಕಾರ ಸಲ್ಲಬೇಕು. ತೈಲವರ್ಣದಲ್ಲಿ ಆ ಊಹೆಯ ಭಾರ ಕಡಿಮೆ. ಬಣ್ಣ ಕಲಸಿರುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಪೊರೆಗಟ್ಟುತ್ತದೆ. ಹಾಗಾಗಿ ಹಸಿಯಲ್ಲಿ ಕಂಡ ಬಣ್ಣ ಒಣಗಿದ ಮೇಲೂ ಬಹುಮಟ್ಟಿಗೆ ಉಳಿಯುತ್ತದೆ, ಬೆರೆಸಿ ತಿದ್ದಲು ಇಡೀ ದಿನ ಸಿಗುತ್ತದೆ. ಇದೇ ಗುಣದಲ್ಲಿ ಒಂದು ಅಪಾಯವೂ ಇದೆ. ಪೊರೆಗಟ್ಟುವಾಗ ಎಣ್ಣೆ ಬಿಸಿಯಾಗುತ್ತದೆ. ನೈಫ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಹಾಕಿ. ಟರ್ಪೆಂಟೈನ್ ಬಳಸುವುದಾದರೆ ಕಿಟಕಿ ತೆರೆದಿರಲಿ.

ಚಾರ್ಟಿನ ಬೆಲೆ ತಿಳಿಯುವುದು ಹೊರಗೆ ಕೂತು ಬರೆಯುವಾಗ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಚಿತ್ರಕಾರ ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಮರಗಳನ್ನು ಅವುಗಳ ಎದುರೇ ಕೂತು ಬರೆದವರು. ಮರದ ಮುಂದೆ ಕೂತವನಿಗೆ ಬೆಳಕು ಕಾಯುವುದಿಲ್ಲ. ಈ ನೆರಳಿಗೆ ಯಾವುದಕ್ಕೆ ಯಾವುದು ಎಂದು ಅಲ್ಲಿ ಹುಡುಕುತ್ತ ಕೂತರೆ ಬಿಸಿಲು ಜಾರಿಹೋಗಿರುತ್ತದೆ. ಹುಡುಕಾಟವನ್ನು ಮನೆಯಲ್ಲಿ ಮುಗಿಸಿ ಹೋದ ಕೈಗೆ ಮಾತ್ರ ಮರವನ್ನು ನೋಡಲು ಬಿಡುವಿರುತ್ತದೆ. ಚಾರ್ಟ್ ಬರೆದರೆ ಚಿತ್ರ ಯಾಂತ್ರಿಕವಾಗುತ್ತದೆ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ.

ಹಲಸಿನ ತೊಳೆಯ ವಿಷಯ ಬಾಕಿ ಉಳಿಯಿತು. ಕ್ಯಾಡ್ಮಿಯಂ ರೆಡ್ ಹಾಳೆಯ ಲೆಮನ್ ಯೆಲ್ಲೋ ಕಂಬವನ್ನೂ ಬರ್ನ್ಟ್ ಸಿಯೆನ್ನಾ ಕಂಬವನ್ನೂ ನೋಡಿ. ಎರಡರ ಮೇಲಿನ ಚೌಕಗಳು ಸೇರುವಲ್ಲೆಲ್ಲೋ ಆ ತಾಮ್ರವಿದೆ. ಬೆಳಕಿನ ಕಡೆಗೆ ಬಿಳಿಯ ಬದಲು ಹಳದಿ ಹೆಚ್ಚಿಸಿ. ಬಿಳಿಯನ್ನು ಜಿಗುಟು ಹೊಳೆಯುವ ಒಂದೆರಡು ಚುಕ್ಕೆಗಳಿಗೆ ಮಾತ್ರ ಇಟ್ಟುಕೊಳ್ಳಿ. ನೆರಳಿಗೆ ಕ್ರಿಮ್ಸನ್ ಸ್ವಲ್ಪ, ತೊಳೆಗಳ ಸಂದಿಯಲ್ಲಿ ಅಲ್ಟ್ರಾಮರೀನಿನ ಒಂದು ಸೋಂಕು. ಮೂರನೆಯ ಬಣ್ಣ ಎಷ್ಟೆಂದು ಚಾರ್ಟ್ ಹೇಳುವುದಿಲ್ಲ. ಅಲ್ಲಿಂದ ಮುಂದೆ ನಿಮ್ಮ ಕಣ್ಣು.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ ಓಕರಿನ ಹಾಳೆಯನ್ನು ಸೂಚಿಸುತ್ತೇನೆ. ಟ್ಯೂಬು ಅಗ್ಗ, ಬಣ್ಣ ಸೌಮ್ಯ, ಜೊತೆಗೆ ಬಂದವರನ್ನು ನುಂಗುವುದಿಲ್ಲ. ವಿರಿಡಿಯನ್, ಅಲಿಜರಿನ್ ಹಾಳೆಗಳನ್ನು ಕೊನೆಗಿಡಿ. ಅವುಗಳ ಹಾಳೆಯಲ್ಲಿ ತೆಳು ಹಳದಿಯ ಗುರುತು ಉಳಿಸುವುದಕ್ಕೇ ಪಳಗಿದ ಕೈ ಬೇಕು. ಮುಗಿದ ಹಾಳೆಗಳನ್ನು ಕತ್ತಲ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಗೋಡೆಗೆ ತೂಗುಹಾಕಿ, ಪ್ಯಾಲೆಟ್ ಹಿಡಿದು ನಿಂತಲ್ಲಿಂದ ಕಾಣುವಂತೆ.